ಹಳೇ ಅಲ್ಯೂಮಿನಿಯಂ ಬೋಟು, ನಮ್ಮ ನಾಲ್ಕು ತಪ್ಪು ಸಲಹೆ

ಏಪ್ರಿಲ್‌ನಲ್ಲಿ, ಇಂಟರ್ನಲ್ಸ್ ನಡೀತಿದ್ದ ಹೊತ್ತಲ್ಲೇ, ನಮ್ಮ ಕನ್ನಡ ಕ್ಲಬ್ಬಿನ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂತು. ಇನ್ನೂ ಪೂರ್ತಿ ಕರಗದ ಹಿಮ, ಅದರ ಪಕ್ಕ ತುಕ್ಕು ಹಿಡಿದ ಟ್ರೇಲರ್, ಟ್ರೇಲರ್ ಮೇಲೊಂದು ಮಂಕು ಹಸಿರು ಬಣ್ಣದ ದೋಣಿ. ಕಳಿಸಿದವರು ಕ್ಲಬ್ಬಿನ ಹಳೇ ಸೆಕ್ರೆಟರಿ, ಮೆಕ್ಯಾನಿಕಲ್ ಬ್ರಾಂಚಿನ ಅಕ್ಕ. ಈಗ ಅಮೆರಿಕದ ಮಿನ್ನೆಸೋಟದಲ್ಲಿದ್ದಾರೆ. ಫೋಟೋ ಕೆಳಗೆ ಒಂದೇ ಸಾಲು: "ತಗೊಂಡ್ಬಿಟ್ಟೆ ಮಾರಾಯ್ರಾ. ಈಗ ಏನ್ಮಾಡೋದು ಹೇಳಿ."

ಅಕ್ಕನ ಊರು ಶರಾವತಿ ಹಿನ್ನೀರಿನ ಕಡೆ. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯ್ತಾ ಬೆಳೆದವರು. ಈಗಿರೋ ಜಾಗವೂ ನೀರಿನದ್ದೇ. ಮಿನ್ನೆಸೋಟದ ಕಾರುಗಳ ನಂಬರ್ ಪ್ಲೇಟಿನ ಮೇಲೆ 'ಹತ್ತು ಸಾವಿರ ಸರೋವರಗಳು' ಅಂತ ಬರೆದಿರುತ್ತೆ; ಅದೂ ಕಮ್ಮಿ ಹೇಳಿದ್ದು, ಹತ್ತು ಎಕರೆಗಿಂತ ದೊಡ್ಡವನ್ನಷ್ಟೇ ಎಣಿಸಿದ್ರೂ 11,842 ಇವೆ. ಬೇಸಿಗೆ ಬಂತು ಅಂದ್ರೆ ಬೀದಿಯವರೆಲ್ಲ ಕಾರಿನ ಹಿಂದೆ ಬೋಟ್ ಕಟ್ಕೊಂಡು ಹೊರಡ್ತಾರೆ. ಅಕ್ಕನ ಆರು ವರ್ಷದ ಮಗಳು "ನಮ್ಮದು ಯಾವಾಗ?" ಅಂತ ಎರಡು ವರ್ಷದಿಂದ ಕೇಳ್ತಿದ್ದಳಂತೆ. ಅಷ್ಟರಲ್ಲಿ ನೆರೆಮನೆಯ ಅಜ್ಜನೊಬ್ಬರು ತಮ್ಮ 14 ಅಡಿಯ ಹಳೇ ಅಲ್ಯೂಮಿನಿಯಂ ಬೋಟನ್ನ, 15 ಎಚ್‌ಪಿ ಟೂ ಸ್ಟ್ರೋಕ್ ಎಂಜಿನ್ ಸಮೇತ, ಹೆಚ್ಚುಕಮ್ಮಿ ಗುಜರಿ ರೇಟಿಗೆ ಕೊಟ್ಟುಬಿಟ್ಟರು. ಕೊಡುವಾಗ ಒಂದು ಮಾತು ಹೇಳಿದ್ರಂತೆ: "ಎಂಜಿನ್ ಸ್ವಲ್ಪ ವೀಕ್ ಆಗಿದೆ, ಮುಂಚಿನಷ್ಟು ಸ್ಪೀಡ್ ಬರಲ್ಲ." ಈ ಮಾತು ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಸಲಹೆ ಕೊಡೋದಕ್ಕೆ ನಮಗೇನು ಖರ್ಚು? ಅರ್ಧ ಗಂಟೆಯೊಳಗೆ ನಾಲ್ಕು ಕೊಟ್ವಿ. ಸೋರೋ ಕಡೆ ವೆಲ್ಡ್ ಮಾಡ್ಸಿ. ಹಿಂಭಾಗದ ಮರ ಕೊಳೆತಿದ್ರೆ ಕೊಳೆಯದ ಹಾಗೆ ಟ್ರೀಟ್ ಮಾಡಿದ ಪ್ಲೈವುಡ್ ಹಾಕಿ. ತಳದಲ್ಲಿ ಬಿರುಕಿದ್ರೆ ಸ್ಟೀಲ್ ಶೀಟ್ ಪ್ಯಾಚ್ ಕೊಡಿ, ಸ್ಟೀಲ್ ಗಟ್ಟಿ. ಸೀಟಿನೊಳಗಿನ ಫೋಮ್ ಮೇಲ್ನೋಟಕ್ಕೆ ಚೆನ್ನಾಗೇ ಇದೆ, ಅದನ್ನ ಮುಟ್ಟೋದು ಬೇಡ. ನಾಲ್ಕೂ ತಪ್ಪು. ಅದರಲ್ಲೂ ನಾಲ್ಕನೆಯದು ಪ್ರಾಣಕ್ಕೇ ಬರುವಂಥ ತಪ್ಪು. ಆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಮ್ಮಿ ಪ್ರತಿ ಭಾನುವಾರ ಬೆಳಿಗ್ಗೆ ಹಾಸ್ಟೆಲಿನ ರೂಮಿಂದ ವೀಡಿಯೋ ಕಾಲ್ ಮಾಡಿ (ಅಲ್ಲಿ ಆಗ ಶನಿವಾರ ರಾತ್ರಿ) ನಾವು ಕಲ್ತದ್ದನ್ನ ಇಲ್ಲಿ ಬರೀತಿದೀವಿ.

ಮೊದಲು, ಈ ಬೋಟುಗಳು ಬಂದದ್ದೆಲ್ಲಿಂದ ಅಂತ ಎರಡು ಮಾತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಗೆ ವೈಲ್ಡ್‌ಕ್ಯಾಟ್, ಹೆಲ್‌ಕ್ಯಾಟ್ ಫೈಟರ್ ವಿಮಾನ ಮಾಡಿಕೊಟ್ಟದ್ದು ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿದ್ದ ಗ್ರಮ್ಮನ್ ಕಂಪನಿ. ಅದರ ಉಪಾಧ್ಯಕ್ಷ ವಿಲಿಯಂ ಹಾಫ್‌ಮನ್ 1944ರಲ್ಲಿ ರಜೆಗೆ ಹೋದಾಗ ಮರದ ಭಾರೀ ದೋಣಿ ಹೊತ್ತು ಸುಸ್ತಾಗಿ, ವಿಮಾನದ ತಗಡಿನಲ್ಲೇ ದೋಣಿ ಯಾಕೆ ಮಾಡಬಾರದು ಅಂತ ಯೋಚಿಸಿದ್ರು. ಯುದ್ಧ ಮುಗಿಯುತ್ತಿದ್ದ ಹಾಗೆ ವಿಮಾನದ ಆರ್ಡರ್ ನಿಂತಿತು. ತಗಡು, ಪ್ರೆಸ್ಸು, ರಿವೆಟ್ ಹೊಡೆಯೋ ಕೈಗಳು ಎಲ್ಲಾ ಇದ್ದವು. ದೋಣಿ ಬಂತು. ಅಲ್ಯೂಮಾಕ್ರಾಫ್ಟ್ (1946), ಲಂಡ್ (1948) ಅಂಥ ಮಿನ್ನೆಸೋಟದ ಕಂಪನಿಗಳು ಹುಟ್ಟಿದ್ದೂ ಅದೇ ಅಲೆಯಲ್ಲಿ. ಅಂದಹಾಗೆ, 1969ರಲ್ಲಿ ಚಂದ್ರನ ಮೇಲೆ ಇಳಿದ ಲೂನಾರ್ ಮಾಡ್ಯೂಲ್ ಮಾಡಿದ್ದೂ ಇದೇ ಗ್ರಮ್ಮನ್. ಹಾಗಾಗಿ ಅಕ್ಕನ ಮನೆ ಮುಂದೆ ನಿಂತಿದ್ದ ಆ ಡಬ್ಬ ಒಂಥರಾ ವಿಮಾನದ ವಂಶದ್ದೇ. ಅದನ್ನ ರಿಪೇರಿ ಮಾಡೋರು ವಿಮಾನದ ಥರ ಯೋಚಿಸಬೇಕೇ ಹೊರತು ಗೇಟು-ಗ್ರಿಲ್ಲಿನ ಥರ ಅಲ್ಲ. ನಾವು ಗ್ರಿಲ್ಲಿನ ಥರ ಯೋಚಿಸಿದ್ವಿ.

ವೆಲ್ಡಿಂಗ್ ಯಾಕೆ ಬೇಡ

ಅಲ್ಯೂಮಿನಿಯಂ ಕರಗೋದು 660 ಡಿಗ್ರಿಗೆ. ಅದರ ಮೇಲಿರೋ ಆಕ್ಸೈಡ್ ಪದರ ಕರಗೋದು 2,000 ಡಿಗ್ರಿ ದಾಟಿದ ಮೇಲೆ. ಅಂದ್ರೆ ಸಿಪ್ಪೆ ಕರಗೋ ಮೊದಲೇ ಒಳಗಿನದ್ದು ನೀರಾಗಿರುತ್ತೆ. ಏಸಿ ಕರೆಂಟಿನ ಟಿಗ್ ವೆಲ್ಡಿಂಗಿನಲ್ಲಿ ಒಂದು ಅರ್ಧ ಸೈಕಲ್ ಆ ಸಿಪ್ಪೆ ಒಡೆಯೋಕೆ, ಇನ್ನೊಂದು ಬಿಸಿ ಮಾಡೋಕೆ ಅಂತ ಇದನ್ನ ನಿಭಾಯಿಸ್ತಾರೆ. ಹೊಸ ತಗಡಿಗೆ ಸರಿ. ಆದ್ರೆ ನಲವತ್ತು ವರ್ಷದ ಬೋಟಿನ ತಗಡು ಒಂದೂವರೆ-ಎರಡು ಮಿಲಿಮೀಟರ್ ಇದ್ರೆ ಹೆಚ್ಚು, ಜೋಡಣೆಯ ಸಂದಿಯಲ್ಲಿ ಹಳೇ ಸೀಲೆಂಟು, ಪೇಂಟು, ಎಣ್ಣೆ ಎಲ್ಲಾ ಕೂತಿರುತ್ತೆ. ಬೆಂಕಿ ತಾಗಿದ ಕೂಡಲೇ ಅದು ಹೊಗೆಯಾಗಿ ವೆಲ್ಡಿನೊಳಗೆ ಗುಳ್ಳೆ ಎಬ್ಬಿಸುತ್ತೆ. ಬೋಟಿಗೆ ಸಾಮಾನ್ಯವಾಗಿ ಬಳಸೋ 5052 ಮಿಶ್ರಲೋಹ ಗಟ್ಟಿಯಾಗಿರೋದು ಕೋಲ್ಡ್ ರೋಲ್ ಮಾಡಿದ್ದರಿಂದ; ಬಿಸಿ ತಾಗಿದ ಕಡೆ ಆ ಗಟ್ಟಿತನ ಹೋಗುತ್ತೆ. ಜೊತೆಗೆ ಪಕ್ಕದ ನಾಲ್ಕು ರಿವೆಟ್ ಸಡಿಲ ಆಗುತ್ತೆ. ಒಂದು ಸೋರಿಕೆಗೆ ನಾಲ್ಕು ಹೊಸ ಸೋರಿಕೆ.

ರಿವೆಟ್ ಸೋರಿದ್ರೆ ರಿವೆಟ್ಟನ್ನೇ ಸರಿ ಮಾಡ್ಬೇಕು. ಯಾವುದು ಸೋರ್ತಿದೆ ಅಂತ ಹುಡುಕೋ ವಿಧಾನ ಎಷ್ಟು ಸರಳ ಅಂದ್ರೆ ನಮಗೆ ನಾಚಿಕೆ ಆಯ್ತು: ಬೋಟಿನ ಒಳಗೆ ನೀರು ತುಂಬೋದು, ಹೊರಗಿಂದ ಎಲ್ಲಿ ಹನಿ ಬರುತ್ತೋ ಅಲ್ಲಿ ಕ್ರೇಯಾನಿನಲ್ಲಿ ಸುತ್ತು ಹಾಕೋದು. ಮಗಳಿಗೆ ಬಹಳ ಇಷ್ಟವಾದ ಕೆಲಸ ಇದೇ. ಆದ್ರೆ ಇಲ್ಲೂ ಒಂದು ಲೆಕ್ಕ ಇದೆ. ಮೂರೂವರೆ ಮೀಟರ್ ಉದ್ದ, ಒಂದು ಕಾಲು ಮೀಟರ್ ಅಗಲದ ತಳಕ್ಕೆ ಬರೀ 5 ಸೆಂಟಿಮೀಟರ್ ನೀರು ಹಾಕಿದ್ರೂ 200 ಲೀಟರ್ ದಾಟುತ್ತೆ, ಅಂದ್ರೆ 200 ಕೆಜಿಗೂ ಹೆಚ್ಚು. ನೀರಲ್ಲಿ ತೇಲುವಾಗ ಬೋಟಿಗೆ ಕೆಳಗಿಂದ ಎಲ್ಲಾ ಕಡೆ ಆಧಾರ ಇರುತ್ತೆ; ಟ್ರೇಲರ್ ಮೇಲೆ ಮೂರು-ನಾಲ್ಕು ಕಡೆ ಮಾತ್ರ. ಹಾಗಾಗಿ ಕೆಳಗೆ ಮರದ ದಿಮ್ಮಿ ಕೊಟ್ಟು, ಸ್ವಲ್ಪ ಸ್ವಲ್ಪವೇ ತುಂಬಬೇಕು. 23 ಸುತ್ತು ಬಿತ್ತು.

ಬೋಟು ಅಲೆಗೆ ಬಡಿದೂ ಬಡಿದೂ ರಿವೆಟ್ಟಿನ ಹಿಡಿತ ಸಡಿಲಾಗುತ್ತೆ. ತೂತು ಇನ್ನೂ ಗುಂಡಗೇ ಇದ್ರೆ ಅದೇ ರಿವೆಟ್ಟನ್ನ ಮತ್ತೆ ಹೊಡೆದು ಕೂರಿಸಬಹುದು. ಇದು ಇಬ್ಬರ ಕೆಲಸ. ಹೊರಗಿಂದ ಒಬ್ಬರು ಏರ್ ಗನ್ನಿನಲ್ಲಿ ತಲೆಗೆ ಹೊಡೀತಾರೆ, ಒಳಗಿಂದ ಇನ್ನೊಬ್ಬರು ಭಾರದ ಉಕ್ಕಿನ ತುಂಡೊಂದನ್ನ ಒತ್ತಿ ಹಿಡೀತಾರೆ. ರಿವೆಟ್ ಮಧ್ಯೆ ಸಿಕ್ಕಿ ಉಬ್ಬಿ ತೂತು ತುಂಬುತ್ತೆ. ವಿಮಾನದ ರೆಕ್ಕೆಗೂ ಇದೇ ಪದ್ಧತಿ, ಇದೇ ಲೆಕ್ಕ: ತಗಡು ದಾಟಿ ಹೊರಬಂದ ಕಾಂಡ ವ್ಯಾಸದ ಒಂದೂವರೆಪಟ್ಟು ಇರಬೇಕು, ಹೊಡೆದ ಮೇಲೆ ತಲೆಯ ಅಗಲ ಒಂದೂವರೆಪಟ್ಟು, ಎತ್ತರ ಅರ್ಧಪಟ್ಟು. ಅಕ್ಕ ಹೊರಗೆ, ಭಾವ ಒಳಗೆ. "ಮದುವೆ ಆಗಿ ಒಂಬತ್ತು ವರ್ಷಕ್ಕೆ ಇವತ್ತೇ ನೋಡಿ, ನಾನು ಹೇಳಿದ ಕಡೆ ಹೇಳಿದ ಹೊತ್ತಿಗೆ ನಿಂತಿದ್ದು" ಅಂದ್ರು ಅಕ್ಕ. ಅಂಗಡಿಯಲ್ಲಿ ಸಿಗೋ ಸಾಮಾನ್ಯ ಪಾಪ್ ರಿವೆಟ್ ನೀರಿನ ಕೆಳಗೆ ಬೇಡ. ಅದರ ನಡುವೆ ಟೊಳ್ಳು, ಒಳಗೆ ಉಳಿಯೋ ಕಡ್ಡಿ ಎಷ್ಟೋ ಸಲ ಉಕ್ಕಿನದ್ದು. ಕೈ ತೂರದ ಜಾಗಕ್ಕೆ ಮಾತ್ರ ಹಿಂಬದಿ ಮುಚ್ಚಿರೋ, ಪೂರ್ತಿ ಅಲ್ಯೂಮಿನಿಯಂ ಇರೋ ಬಗೆ, ಅದೂ ಸೀಲೆಂಟ್ ಹಚ್ಚಿ. ಕೊನೆಗೆ ಒಳಗಿನ ಜೋಡಣೆಗಳಿಗೆಲ್ಲ ಎರಡು ಭಾಗದ ಎಪಾಕ್ಸಿ ಬಳಿದ್ರು. ಆದ್ರೆ ಎಪಾಕ್ಸಿ ಬಳಿದ ಮಾತ್ರಕ್ಕೆ ಸಡಿಲ ರಿವೆಟ್ ಗಟ್ಟಿ ಆಗಲ್ಲ. ಆ ಆಸೆಯಲ್ಲಿ ಬರೀ ಬಳಿದು ಬಿಡೋರೇ ಹೆಚ್ಚು.

ಹಸಿರು ಪ್ಲೈವುಡ್

ನಮ್ಮ ಎರಡನೇ ಸಲಹೆ ಅಕ್ಕನ ಜೇಬಿಗೆ ಕತ್ತರಿ ಹಾಕಿತು, ಅದಕ್ಕೇ ಇದನ್ನ ಸ್ವಲ್ಪ ವಿವರವಾಗಿ ಹೇಳ್ಬೇಕು.

ಬೋಟಿನ ಹಿಂದಿನ ಗೋಡೆಗೆ ಟ್ರಾನ್ಸಮ್ ಅಂತಾರೆ. ಎಂಜಿನ್ ಕೂರೋದು ಅದರ ಮೇಲೆ. ತಗಡು ಒಂದರಿಂದ ಆಗಲ್ಲ ಅಂತ ಒಳಗೆ ಪ್ಲೈವುಡ್ ಇಟ್ಟಿರ್ತಾರೆ, ಮುಕ್ಕಾಲು ಇಂಚಿನ ಎರಡು ಹಲಗೆ ಅಂಟಿಸಿ ಒಂದೂವರೆ ಇಂಚು. ಅದರ ಮೇಲೆ ಬೀಳೋ ಹೊರೆ ಎಷ್ಟು? 15 ಎಚ್‌ಪಿ ಅಂದ್ರೆ 11.2 ಕಿಲೋವ್ಯಾಟ್. ಪ್ರೊಪೆಲ್ಲರ್ ಅದರಲ್ಲಿ ಅರ್ಧ ಉಪಯೋಗಕ್ಕೆ ತಂದಿತು, ಬೋಟು ಸೆಕೆಂಡಿಗೆ 8 ಮೀಟರ್ ಹೋಗ್ತಿದೆ ಅಂತ ಇಟ್ಕೊಂಡ್ರೆ ತಳ್ಳೋ ಬಲ 700 ನ್ಯೂಟನ್. ಪ್ರೊಪೆಲ್ಲರ್ ಇರೋದು ಟ್ರಾನ್ಸಮ್ಮಿನ ಮೇಲ್ತುದಿಯಿಂದ ಸುಮಾರು 53 ಸೆಂಟಿಮೀಟರ್ ಕೆಳಗೆ. ಗುಣಿಸಿ: ಸುಮಾರು 370 ನ್ಯೂಟನ್ ಮೀಟರ್ ತಿರುಚು. ಒಂದು ಮೀಟರ್ ಉದ್ದದ ಸನ್ನೆಕೋಲನ್ನ ಆ ಗೋಡೆಗೆ ಸಿಕ್ಕಿಸಿ ತುದಿಗೆ 38 ಕೆಜಿ ನೇತುಹಾಕಿದ ಹಾಗೆ. ಇದು ಬರೀ ಸಮನಾಗಿ ಓಡುವಾಗಿನ ಲೆಕ್ಕ, ಅಲೆಯ ಮೇಲಿಂದ ಕುಪ್ಪಳಿಸಿದಾಗ ಎಂಜಿನ್ನಿನ ತೂಕದ ಹೊಡೆತ ಬೇರೆ. ಮರ ಕೊಳೆತಿದ್ರೆ ಓಡ್ತಾ ಓಡ್ತಾ ಎಂಜಿನ್ ಬಾಗುತ್ತೆ, ತಗಡು ಹರಿಯುತ್ತೆ.

ಅಕ್ಕ ಸ್ಕ್ರೂಡ್ರೈವರ್ ಚುಚ್ಚಿ ತೋರಿಸಿದ್ರು. ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಸೀದಾ ಒಳಗೆ ಹೋಯ್ತು. ನಾವು ಹೇಳಿದ ಪ್ರಕಾರ ಅಂಗಡಿಯಿಂದ ಟ್ರೀಟೆಡ್ ಪ್ಲೈವುಡ್ ತಂದು, ಹಳೇದರ ಅಳತೆಗೆ ಕೊಯ್ದೂ ಬಿಟ್ಟರು. ಫೋಟೋ ಬಂತು. ಕ್ಯಾಂಟೀನಿನಲ್ಲಿ ಅದನ್ನ ನೋಡ್ತಾ ಕೂತಿದ್ವಿ, ಪಕ್ಕದ ಟೇಬಲಿನಲ್ಲಿದ್ದ ಕೆಮಿಸ್ಟ್ರಿ ಮೇಡಂ ಇಣುಕಿ, "ಆ ಮರಕ್ಕೆ ಹಸಿರು ಬಣ್ಣ ಯಾಕಿದೆ?" ಅಂತ ಕೇಳಿದ್ರು. ನಾವು "ಟ್ರೀಟ್ಮೆಂಟ್ ಮೇಡಂ" ಅಂದ್ವಿ. "ಯಾವ ಲೋಹದ ಉಪ್ಪು ಹಸಿರಾಗಿರುತ್ತೆ?" ಅಂದ್ರು. ಅಷ್ಟೇ. ನಾಲ್ಕು ಜನರ ಕೈಲಿದ್ದ ಬೋಂಡ ಅಲ್ಲೇ ನಿಂತಿತು.

ತಾಮ್ರ! ಮರಕ್ಕೆ ಶಿಲೀಂಧ್ರ ಹಿಡಿಯದಿರಲಿ ಅಂತ ತುಂಬೋದು ತಾಮ್ರದ ಸಂಯುಕ್ತ. ಅಮೆರಿಕದಲ್ಲಿ ಮೊದಲು ತಾಮ್ರದ ಜೊತೆ ಕ್ರೋಮಿಯಂ, ಆರ್ಸೆನಿಕ್ ಇರೋ ದ್ರಾವಣ ಬಳಸ್ತಿದ್ರು. 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನ ನಿಲ್ಲಿಸಿದ್ರು, ಬದಲಿಗೆ ಬಂದವುಗಳಲ್ಲಿ ತಾಮ್ರದ ಪಾಲು ಇನ್ನೂ ಜಾಸ್ತಿ. ಒದ್ದೆ ಮರದಿಂದ ತಾಮ್ರದ ಅಯಾನು ಹೊರಬಂದು ಅಲ್ಯೂಮಿನಿಯಂ ಮುಟ್ಟಿದ್ರೆ ಏನಾಗುತ್ತೆ? ತಾಮ್ರದ ಸ್ಟ್ಯಾಂಡರ್ಡ್ ಪೊಟೆನ್ಶಿಯಲ್ +0.34 ವೋಲ್ಟ್, ಅಲ್ಯೂಮಿನಿಯಮ್ಮಿನದು -1.66. ತಾಮ್ರ ಲೋಹವಾಗಿ ತಗಡಿನ ಮೇಲೆ ಕೂರುತ್ತೆ, ಅಲ್ಯೂಮಿನಿಯಂ ಕರಗಿ ಜಾಗ ಬಿಡುತ್ತೆ. ಹಾಗೆ ಕೂತ ಒಂದೊಂದು ತಾಮ್ರದ ಕಣವೂ ಪುಟ್ಟ ಕ್ಯಾಥೋಡು. ಸುತ್ತಲಿನ ತಗಡು ಆನೋಡು. ಒದ್ದೆ ಮರವೇ ಎಲೆಕ್ಟ್ರೋಲೈಟು. ಫಸ್ಟ್ ಇಯರ್ ಕೆಮಿಸ್ಟ್ರಿಯ ಕರೋಷನ್ ಚಾಪ್ಟರಿನಲ್ಲಿ ಎಂಟು ಮಾರ್ಕ್ಸಿಗೆ ನಾವು ಬರೆದ ಸೆಲ್ಲನ್ನೇ ಬೋಟಿನ ಹಿಂಬದಿಗೆ ಅಂಟಿಸೋಕೆ ಹೊರಟಿದ್ವಿ. ತಗಡು ಜಾಲರಿ ಆಗಿರೋದು ಹೊರಗೆ ಕಾಣೋ ಹೊತ್ತಿಗೆ ಮರದ ಹಿಂದೆ ಮುಗಿದಿರುತ್ತೆ.

ಅಲ್ಯೂಮಿನಿಯಂ ಅದರ ಪಾಡಿಗೆ ಬಿಟ್ರೆ ಬಹಳ ಬಾಳೋ ಲೋಹ. ಗಾಳಿ ತಾಗಿದ ಕೂಡಲೇ ನ್ಯಾನೋಮೀಟರ್ ಲೆಕ್ಕದ ಆಕ್ಸೈಡ್ ಹೊದಿಕೆ ಹೊದ್ದುಕೊಳ್ಳುತ್ತೆ, ಗೀರಿದ್ರೆ ಮತ್ತೆ ಹೊದ್ದುಕೊಳ್ಳುತ್ತೆ. ಪಿಹೆಚ್ ಸುಮಾರು 4ರಿಂದ 8.5ರ ಒಳಗಿದ್ರೆ ಆ ಹೊದಿಕೆ ಗಟ್ಟಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆ ಹುಳಿ ಹಾಕಿದ ಸಾರು ರಾತ್ರಿಯಿಡೀ ಇಡಬೇಡ ಅಂತ ಮನೆಯಲ್ಲಿ ಬೈಯೋದು, ಸುಣ್ಣ ಅದರಲ್ಲಿ ಕಲಸದೇ ಇರೋದು ಈ ಎರಡು ತುದಿಯ ಕಾರಣಕ್ಕೇ. ಕೆರೆಯ ನೀರು ಇವೆರಡರ ನಡುವೆ ಇರುತ್ತೆ. ಹಾಗಾಗಿ ಬೋಟಿನ ತಗಡು ತಾನಾಗಿ ಹಾಳಾದದ್ದು ಕಡಿಮೆ; ಅದಕ್ಕೆ ನಾವು ತಗುಲಿಸಿದ್ದರಿಂದ ಹಾಳಾದದ್ದೇ ಜಾಸ್ತಿ. ಒದ್ದೆ ಕಾರ್ಪೆಟ್, ಮೂಲೆಯಲ್ಲಿ ಕೊಳೆತ ಎಲೆ, ತಳದಲ್ಲಿ ಬಿದ್ದ ತಾಮ್ರದ ತಂತಿ ತುಂಡು, ಕಬ್ಬಿಣದ ವೈರ್ ಬ್ರಶ್ಶಿನಲ್ಲಿ ಉಜ್ಜಿದಾಗ ಕಚ್ಚಿಕೊಂಡ ಕಬ್ಬಿಣದ ಚೂರು. ಬೋಟಿಗೆ ಬಣ್ಣ ಕೊಳ್ಳುವಾಗಲೂ, ಪಾಚಿ ತಡೆಯುವ ತಾಮ್ರದ ಪೇಂಟು ಅಲ್ಲ ತಾನೇ ಅಂತ ಡಬ್ಬಿ ತಿರುಗಿಸಿ ನೋಡ್ಬೇಕು.

ಆ ಹಸಿರು ಪ್ಲೈವುಡ್ ಈಗ ಅಕ್ಕನ ಗ್ಯಾರೇಜಿನಲ್ಲಿ ಶೆಲ್ಫ್. ಟ್ರಾನ್ಸಮ್ಮಿಗೆ ಹೋದದ್ದು ಟ್ರೀಟ್ಮೆಂಟ್ ಇಲ್ಲದ ಮರೀನ್ ಪ್ಲೈವುಡ್. (ಇಂಗ್ಲೆಂಡಿನ ಬಿಎಸ್ 1088 ಅದಕ್ಕಿರೋ ಹೆಸರಾಂತ ಸ್ಟ್ಯಾಂಡರ್ಡು, ನಮ್ಮಲ್ಲಿ ಮರೀನ್ ಪ್ಲೈ ಮೇಲೆ ಐಎಸ್ 710 ಅಂತ ಮುದ್ರೆ ಇರುತ್ತೆ.) ಎರಡು ಹಲಗೆ ಎಪಾಕ್ಸಿಯಲ್ಲಿ ಅಂಟಿಸಿ, ಆರೂ ಮುಖಕ್ಕೆ ಎಪಾಕ್ಸಿ ಕುಡಿಸಿದ್ರು. ಬೋಲ್ಟಿನ ತೂತುಗಳಿಗೆ ಒಂದು ಉಪಾಯ ಇದೆ: ಮೊದಲು ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಸರಿ ಅಳತೆಯ ತೂತು. ಆಗ ಬೋಲ್ಟ್ ಮರವನ್ನ ಮುಟ್ಟೋದೇ ಇಲ್ಲ, ಅದರ ಪಕ್ಕದಿಂದ ನುಸುಳಿದ ನೀರೂ ಮುಟ್ಟಲ್ಲ.

ಸ್ಟೀಲ್ ಪ್ಯಾಚಿನ ವಿಷಯವೂ ಇದೇ ಚಾಪ್ಟರಿನದ್ದು, ಆದ್ರೆ ಒಂದು ತಿರುವು ಇದೆ. ಟ್ರಾನ್ಸಮ್ಮಿಗೆ ಎಲ್ಲರೂ ಹಾಕೋದು ಸ್ಟೇನ್‌ಲೆಸ್ ಬೋಲ್ಟೇ. ಅದು ಸರಿ, ಸ್ಟೀಲ್ ಪ್ಯಾಚ್ ಯಾಕೆ ತಪ್ಪು? ವಿಸ್ತೀರ್ಣ. ಸಣ್ಣ ಸ್ಟೀಲ್ ಬೋಲ್ಟ್ ಸಣ್ಣ ಕ್ಯಾಥೋಡು; ಅದು ಎಳೆಯೋ ಅಷ್ಟೂ ಕರೆಂಟು ದೊಡ್ಡ ತಗಡಿನ ಮೇಲೆ ಹಂಚಿಹೋಗುತ್ತೆ. ಬೋಲ್ಟಿನ ಬುಡದಲ್ಲಿ ಸ್ವಲ್ಪ ಸವೆದೀತು, ನೈಲಾನ್ ವಾಷರ್, ಸೀಲೆಂಟ್ ಹಾಕಿದ್ರೆ ಅದೂ ಕಮ್ಮಿ. ತಿರುಗಿಸಿ ನೋಡಿ: ದೊಡ್ಡ ಸ್ಟೀಲ್ ಶೀಟನ್ನ ಸಣ್ಣ ಅಲ್ಯೂಮಿನಿಯಂ ರಿವೆಟ್ಟುಗಳು ಹಿಡಿದಿವೆ. ಇಡೀ ಶೀಟಿನ ಕರೆಂಟು ಆ ನಾಲ್ಕು ರಿವೆಟ್ಟಿನ ಮೇಲೆ. ರಿವೆಟ್ ಮಾಯ, ಪ್ಯಾಚ್ ಕೆರೆಯ ತಳಕ್ಕೆ. ಬ್ರಿಟಿಷ್ ನೌಕಾಪಡೆ ಇದನ್ನ 1760ರ ದಶಕದಲ್ಲೇ ಕಷ್ಟಪಟ್ಟು ಕಲಿತಿತ್ತು. 'ಅಲಾರ್ಮ್' ಅನ್ನೋ ಯುದ್ಧನೌಕೆಯ ಮರದ ತಳವನ್ನ ಹುಳ ಕೊರೆಯದಿರಲಿ ಅಂತ 1761ರಲ್ಲಿ ತಾಮ್ರದ ತಗಡು ಹೊದಿಸಿ ಕಬ್ಬಿಣದ ಮೊಳೆ ಹೊಡೆದಿದ್ರು. 1763ರಲ್ಲಿ ತಪಾಸಣೆ ಮಾಡಿದ್ರೆ ಮೊಳೆಗಳು ತಿಂದುಹೋಗಿದ್ದವು. ತಗಡು ಸುತ್ತಿ ಬಂದಿದ್ದ ಕಂದು ಕಾಗದ ಅಕಸ್ಮಾತ್ ಮೊಳೆಗೂ ತಾಮ್ರಕ್ಕೂ ನಡುವೆ ಉಳಿದಿದ್ದ ಕಡೆ ಮಾತ್ರ ಮೊಳೆ ಚೆನ್ನಾಗಿತ್ತು. ಕಾಗದ ತೆಗೆಯೋಕೆ ಮರೆತ ಕೂಲಿಯವರು ಮಾಡಿದ ಇನ್ಸುಲೇಷನ್!

ಅಕ್ಕನ ಬೋಟಿನ ತಳದಲ್ಲಿ ನಾಲ್ಕು ಇಂಚಿನ ಒಂದು ಬಿರುಕಿತ್ತು. ಎರಡೂ ತುದಿಗೆ ಒಂದೊಂದು ಚಿಕ್ಕ ತೂತು ಕೊರೆದ್ರು, ಚೂಪಾದ ತುದಿ ಗುಂಡಗಾದ್ರೆ ಅಲ್ಲಿನ ಸ್ಟ್ರೆಸ್ ಕಾನ್ಸಂಟ್ರೇಷನ್ ಇಳಿದು ಬಿರುಕು ಮುಂದೆ ಹೋಗಲ್ಲ. ಮೇಲೆ 5052 ತಗಡಿನದ್ದೇ ಪ್ಯಾಚ್, ಮಧ್ಯೆ ಸೀಲೆಂಟ್, ಸುತ್ತ ರಿವೆಟ್.

ಕಾಣದೇ ಇರೋ 91 ಕೆಜಿ

ಈಗ ಫೋಮ್. ಜೂನ್ ಹೊತ್ತಿಗೆ ಬೋಟು ಸೋರ್ತಿರಲಿಲ್ಲ, ಟ್ರಾನ್ಸಮ್ ಗಟ್ಟಿಯಾಗಿತ್ತು, ಮಗಳು ಲೈಫ್ ಜಾಕೆಟ್ ಹಾಕ್ಕೊಂಡೇ ಮನೆಯೊಳಗೆ ಓಡಾಡ್ತಿದ್ದಳು. ನೀರಿಗೆ ಇಳಿಸಿಬಿಡೋಣ ಅಂತ ಅಕ್ಕನೂ ಅಂದ್ರು, ನಾವೂ ಅಂದ್ವಿ. ಬೇಡ ಅಂದದ್ದು ಭಾವ ಒಬ್ಬರೇ. ಖಾಲಿ ಬೋಟು ಟ್ರೇಲರಿನಿಂದ ಎತ್ತುವಾಗ ಹಿಂಭಾಗ ಇಷ್ಟು ಭಾರ ಯಾಕಿದೆ ಅನ್ನೋದು ಅವರ ತಲೆಯಲ್ಲಿ ಕೊರೀತಿತ್ತು.

ಇಂಥ ಬೋಟಿನ ಅಡ್ಡ ಸೀಟುಗಳು ಬರೀ ಕೂರೋಕೆ ಅಲ್ಲ. ಪೆಟ್ಟಿಗೆಯ ಥರದ ಅವುಗಳ ಒಳಗೆ ಫೋಮ್ ತುಂಬಿರ್ತಾರೆ. ಬೋಟಿನೊಳಗೆ ನೀರು ನುಗ್ಗಿ ತುಂಬಿದ್ರೂ ಅದು ಮುಳುಗದ ಹಾಗೆ ಹಿಡಿಯೋದು ಆ ಫೋಮ್. 20 ಅಡಿಗಿಂತ ಚಿಕ್ಕ ಬೋಟುಗಳಿಗೆ ಇದು ಇರಲೇಬೇಕು ಅಂತ ಅಮೆರಿಕದಲ್ಲಿ 1970ರ ದಶಕದಲ್ಲಿ ನಿಯಮ ಬಂತು. ಔಟ್‌ಬೋರ್ಡ್ ಎಂಜಿನ್ ಇರೋ ಬೋಟು ನೀರು ತುಂಬಿದ ಮೇಲೂ ಮಟ್ಟಸವಾಗಿ ತೇಲಬೇಕು, ಜನ ಒಳಗೇ ಹಿಡ್ಕೊಂಡು ಇರೋ ಹಾಗೆ. ಮಿನ್ನೆಸೋಟದಂಥ ಕಡೆ ವಸಂತದ ನೀರು ಎಷ್ಟು ತಣ್ಣಗಿರುತ್ತೆ ಅಂದ್ರೆ, ಈಜು ಬಂದ್ರೂ ದಡದವರೆಗೆ ಕೈಕಾಲು ಕೇಳಲ್ಲ.

ಫೋಮಿನ ಕೋಶಗಳು ಮುಚ್ಚಿರುತ್ತವೆ, ನೀರು ಹೀರಲ್ಲ ಅಂತ ಓದಿದ್ವಿ. ಹೊಸದರಲ್ಲಿ ನಿಜ. ಆದ್ರೆ ಹತ್ತಾರು ವರ್ಷ ಒದ್ದೆಯಲ್ಲೇ ಕೂತು, ಪ್ರತಿ ಚಳಿಗಾಲ ಹೆಪ್ಪುಗಟ್ಟಿ (ನೀರು ಮಂಜಾದಾಗ ಸುಮಾರು ಶೇ. 9 ಹಿಗ್ಗುತ್ತೆ) ಕೋಶದ ಗೋಡೆ ಒಂದೊಂದಾಗಿ ಒಡೆಯುತ್ತೆ. ಮೇಲೆ ಒಣಗಿದ ಹಾಗೆ ಕಾಣುತ್ತೆ, ತಳದಲ್ಲಿ ಸ್ಪಂಜು.

ಸೀಟಿನ ಮೇಲ್ತಗಡು ಬಿಚ್ಚಿ, ಬ್ರೆಡ್ ಚಾಕುವಿನಲ್ಲಿ ಕೊಯ್ದು ತೆಗೆದ್ರು. ಹಿಂದಿನ ಸೀಟಿನದ್ದನ್ನ ಹಿಂಡಿದ್ರೆ ನೀರು ಧಾರೆ. ಒಟ್ಟು 180 ಲೀಟರ್ ಗಾತ್ರದ ಫೋಮ್. ಹೊಸದಾಗಿದ್ರೆ ಲೀಟರಿಗೆ 32 ಗ್ರಾಂ, ಒಟ್ಟು 6 ಕೆಜಿ ಇರಬೇಕಿತ್ತು. ಚೀಲಕ್ಕೆ ತುಂಬಿ ತೂಕದ ಯಂತ್ರದ ಮೇಲಿಟ್ಟರೆ 97 ಕೆಜಿ. ತೊಂಬತ್ತೊಂದು ಕೆಜಿ ನೀರು! ನೆರೆಮನೆ ಅಜ್ಜನ ಎಂಜಿನ್ ವೀಕ್ ಆಗಿರಲಿಲ್ಲ. ಪಾಪ, ಅದು ಪ್ರತಿ ಸಲವೂ ಒಬ್ಬ ದಡೂತಿ ಮನುಷ್ಯನನ್ನ ಸೀಟಿನ ಕೆಳಗೆ ಕೂರಿಸ್ಕೊಂಡು ಓಡ್ತಿತ್ತು.

ಆ ಭಾನುವಾರ ನಾವು ಲೆಕ್ಕ ಮಾಡಿದ್ವಿ. ಬೋಟಿನ ತಗಡು 100 ಕೆಜಿ. ಅಲ್ಯೂಮಿನಿಯಂ ಸಾಂದ್ರತೆ 2.7, ಹಾಗಾಗಿ ನೀರಲ್ಲಿ ಮುಳುಗಿದಾಗ ಅದರ ತೂಕ 63 ಕೆಜಿ. ಎಂಜಿನ್ ನೀರಲ್ಲಿ ಸುಮಾರು 30. ಲಂಗರು, ಸರಪಳಿ ಇತ್ಯಾದಿ 5. ಒಟ್ಟು 98. ಹಳೇ ಫೋಮ್ ಎತ್ತಿ ಹಿಡಿಯಬಲ್ಲದ್ದು 180ರಿಂದ 97 ಕಳೆದ್ರೆ 83. ಅಂದ್ರೆ ಅಜ್ಜನ ಬೋಟಿಗೆ ಒಂದು ಸಲ ಅಲೆ ನುಗ್ಗಿದ್ದಿದ್ರೆ, ಒಳಗೆ ಯಾರೂ ಇಲ್ಲದಿದ್ರೂ ಅದು ಮುಳುಗ್ತಿತ್ತು. ಅದೂ ಎಂಜಿನ್ ಇರೋ ಹಿಂಭಾಗ ಮೊದಲು, ಮೂತಿ ಆಕಾಶಕ್ಕೆ ಮಾಡಿ. 'ಚೆನ್ನಾಗೇ ಇದೆ, ಮುಟ್ಟೋದು ಬೇಡ' ಅಂತ ನಾವು ಬರೆದ ಮೆಸೇಜು ಗ್ರೂಪಿನಲ್ಲಿ ಇನ್ನೂ ಹಾಗೇ ಇದೆ. ಡಿಲೀಟ್ ಮಾಡ್ಬೇಡಿ ಅಂತ ಅಕ್ಕನೇ ಹೇಳಿದ್ದಾರೆ.

ಹೊಸ ಫೋಮ್ ಎಷ್ಟು ಬೇಕು? 98ರ ಜೊತೆಗೆ ಜನ. ಪೂರ್ತಿ ನೀರಲ್ಲಿರೋ ಮನುಷ್ಯನ ತೂಕ ಸೊನ್ನೆಗೆ ಹತ್ರ. ಆದ್ರೆ ಬೋಟಿನೊಳಗೆ ಕೂತಿದ್ರೆ ಎದೆ, ತಲೆ ಮೇಲಿರುತ್ತೆ, ಆ ಭಾರ ಬೋಟಿನದ್ದೇ. ಇಬ್ಬರು ದೊಡ್ಡವರಿಗೆ ಮೂವತ್ತರಂತೆ, ಮಗಳಿಗೆ ಹತ್ತು: ಎಪ್ಪತ್ತು. ಒಟ್ಟು 168 ಕೆಜಿ. ಹೊಸ ಫೋಮ್ ಲೀಟರಿಗೆ 0.97 ಕೆಜಿ ಎತ್ತುತ್ತೆ, 173 ಲೀಟರ್ ಆಯ್ತು. 200 ಹಾಕಿ ಅಂದ್ವಿ. ಹಿಂದಿನ ಸೀಟಿಗೂ ಪಕ್ಕದ ಗೋಡೆಗಳಿಗೂ ಹೆಚ್ಚು, ತೀರಾ ತಳಕ್ಕೆ ಬೇಡ. ತೇಲುವ ಬಲ ತಳದಲ್ಲಿದ್ರೆ ನೀರು ತುಂಬಿದ ಬೋಟು ಆಮೆಯ ಹಾಗೆ ಮಗುಚಿಕೊಳ್ಳುತ್ತೆ.

ಯಾವ ಫೋಮ್ ಅನ್ನೋದಕ್ಕೂ ಚರ್ಚೆ ಆಯ್ತು. ಪಾಲಿಸ್ಟೈರೀನ್ ಹಲಗೆ ಅಗ್ಗ, ಕೊಯ್ದು ಜೋಡಿಸಬಹುದು, ನಡುವೆ ನೀರು ಹರಿದುಹೋಗೋಕೆ ಜಾಗ ಸಿಗುತ್ತೆ. ಆದ್ರೆ ಥರ್ಮಾಕೋಲ್ ಮೇಲೆ ಪೆಟ್ರೋಲ್ ಹನಿಸಿದ್ರೆ ಏನಾಗುತ್ತೆ ಅಂತ ಹಾಸ್ಟೆಲಿನಲ್ಲಿದ್ದವರಿಗೆ ಹೇಳ್ಬೇಕಿಲ್ಲ; ಇದೂ ಅದೇ ಜಾತಿ. ಸುರಿಯೋ ಪಾಲಿಯುರಿಥೇನ್ ಪೆಟ್ರೋಲಿಗೆ ಜಗ್ಗಲ್ಲ, ಆದ್ರೆ ಸೀಟಿನ ತಳ ಪೂರ್ತಿ ಮುಚ್ಚಿ ನೀರನ್ನ ಸೆರೆ ಹಿಡಿಯುತ್ತೆ. ಹಿಂದೆ, ಟ್ಯಾಂಕಿನ ಹತ್ರ, ಪಾಲಿಯುರಿಥೇನ್. ತಳದಲ್ಲಿ ಅರ್ಧ ಸೀಳಿದ ಪಿವಿಸಿ ಪೈಪ್ ಮಗುಚಿಟ್ಟು ಚರಂಡಿ. ಮುಂದೆ, ನಡುವೆ ಹಲಗೆ. ಪಾಲಿಯುರಿಥೇನಿನ ಎರಡು ದ್ರವ ಬೆರೆಸಿದ ಕೂಡಲೇ ಉಬ್ಬಿ ಬಿಸಿಯೇರುತ್ತೆ, ಒಂದೇ ಸಲ ಸುರಿದ್ರೆ ಸೀಟಿನ ತಗಡನ್ನೇ ಹೊಟ್ಟೆ ಬರಿಸುತ್ತೆ. ಅದರಲ್ಲಿರೋ ಐಸೋಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಸರಿಯಾದ ಮಾಸ್ಕ್ ಇಲ್ಲದೆ ಮುಟ್ಟಬಾರದು.

ಎಂಜಿನ್ನಿನದ್ದು ಹೆಚ್ಚೇನಿಲ್ಲ, ಬೈಕ್ ಬಿಚ್ಚಿದವರಿಗೆ ಗೊತ್ತಿರೋದೇ. ಕಾರ್ಬೊರೇಟರ್ ತೊಳೆದು, ಪ್ಲಗ್ ಬದಲಿಸಿ, ಕಂಪ್ರೆಷನ್ ನೋಡಿದ್ರು. ಕೆಳಗಿನ ಗೇರ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿತ್ತು, ಅಂದ್ರೆ ನೀರು ಒಳಹೋಗಿದೆ, ಸೀಲ್ ಬದಲಾಯ್ತು. ಒಂದು ಎಚ್ಚರ ಮಾತ್ರ ಹೊಸದು: ಔಟ್‌ಬೋರ್ಡನ್ನ ನೀರಿಲ್ಲದೆ ಓಡಿಸಬಾರದು. ಅದರ ತಂಪಿಗೆ ಕೆರೆಯ ನೀರೇ ಬೇಕು, ಅದನ್ನೆತ್ತೋ ರಬ್ಬರ್ ಇಂಪೆಲ್ಲರ್ ಒಣಗಿ ಓಡಿದ್ರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತೆ. ಡ್ರಮ್ಮಿನಲ್ಲಿ ನೀರಿಟ್ಟು ಸ್ಟಾರ್ಟ್ ಮಾಡಿದ್ರು. ಬಣ್ಣ ಕೊನೆಗೆ, ಎಚ್ ಪ್ರೈಮರ್ ಹೊಡೆದು. ಹಳೇ ಪೇಂಟಿನಲ್ಲಿ ಸೀಸ, ಪ್ರೈಮರಿನಲ್ಲಿ ಕ್ರೋಮೇಟ್ ಇರಬಹುದು ಅಂತ ಒಣ ಉಜ್ಜದೆ ಕೆಮಿಕಲ್ ಹಾಕಿ ಕಿತ್ತರು. ಯಾವ ಬಣ್ಣ ಅಂತ ಮೂರು ವಾರ ಮನೆಯಲ್ಲಿ ಜಗಳ ಆಯ್ತಂತೆ, ಅದರಲ್ಲಿ ನಾವು ತಲೆ ಹಾಕಲಿಲ್ಲ.

ಸೆಪ್ಟೆಂಬರಿನ ಎರಡನೇ ವಾರ, ನೀರು ಇನ್ನೂ ಬೆಚ್ಚಗಿರುವಾಗಲೇ, ಮುಳುಗಿಸೋ ಪರೀಕ್ಷೆ. ಸೊಂಟದ ಮಟ್ಟದ ನೀರಲ್ಲಿ ಬೋಟ್ ಇಳಿಸಿ, ಡ್ರೇನ್ ಪ್ಲಗ್ ಬಿಚ್ಚಿ, ಬೇಕಂತಲೇ ನೀರು ತುಂಬೋದು. ಎಂಜಿನ್ ಮುಳುಗಿಸೋಕೆ ಆಗಲ್ಲ, ಅದರ ಬದಲಿಗೆ ತೂಕ ಇಡಬೇಕು. ಭಾವ ಮರಳಿನ ಚೀಲ ತಂದಿದ್ರು. ಬೇಡ ಅಂದ್ವಿ: ಮರಳಿನ ಸಾಂದ್ರತೆ 2.65, ನೀರಲ್ಲಿ ತೂಕದ ಮೂರನೇ ಒಂದಕ್ಕಿಂತ ಹೆಚ್ಚು ಕಳ್ಕೊಳ್ಳುತ್ತೆ. ಕಬ್ಬಿಣ ಕಳ್ಕೊಳ್ಳೋದು ಎಂಟರಲ್ಲೊಂದು ಭಾಗ. ಜಿಮ್ಮಿನ ಕಬ್ಬಿಣದ ಪ್ಲೇಟು ಕಟ್ಟಿದ್ರು. ಆರು ತಿಂಗಳಲ್ಲಿ ನಮ್ಮದು ಸರಿಯಾದ ಸಲಹೆ ಅಂತ ಇದೊಂದೇ ಇರಬೇಕು.

ಫೋನ್ ದಡದ ಒಂದು ಕಲ್ಲಿಗೆ ಒರಗಿಸಿಟ್ಟಿದ್ರು. ಇಲ್ಲಿ ಬೆಳಿಗ್ಗೆ ಆರು ಗಂಟೆ, ಒಂದು ಲ್ಯಾಪ್‌ಟಾಪಿನ ಸುತ್ತ ಏಳು ಜನ. ನೀರು ಏರಿತು, ಸೀಟು ಮುಳುಗಿತು, ಅಂಚಿನ ಹತ್ರ ಬಂದು ನಿಂತಿತು. ಹಿಂಭಾಗ ಒಂದು ಗೇಣು ತಗ್ಗಿತು, ಅಷ್ಟೇ. ಅಕ್ಕ, ಭಾವ ಹತ್ತಿ ಕೂತರು. ಆಮೇಲೆ ಲೈಫ್ ಜಾಕೆಟ್ ಹಾಕಿದ್ದ ಮಗಳನ್ನ ಎತ್ತಿ ನಡುವೆ ಕೂರಿಸಿದ್ರು. ಎದೆಯವರೆಗೆ ನೀರಿರೋ ಬೋಟಿನಲ್ಲಿ ಕೂತು ಅವಳು ಹುಟ್ಟು ಹಾಕೋ ಥರ ಕೈ ಆಡಿಸ್ತಿದ್ದಳು. ಅಕ್ಕ ಏನೋ ಕೂಗಿದ್ರು, ಗಾಳಿಗೆ ನಮಗೆ ಕೇಳಿಸಲಿಲ್ಲ.

ಮಾರನೇ ದಿನ ಬೋಟ್ ಒಣಗಿಸಿ, ಪ್ಲಗ್ ಹಾಕಿ, ಎಂಜಿನ್ ಕಟ್ಟಿ ಮತ್ತೆ ಇಳಿಸಿದ್ರು. ಮುಂಭಾಗದಲ್ಲಿ, ಕ್ರೇಯಾನ್ ಸುತ್ತು ಬೀಳದೇ ಉಳಿದಿದ್ದ ಒಂದು ರಿವೆಟ್ ಗಂಟೆಗೆ ಒಂದು ಲೋಟದಷ್ಟು ಸೋರ್ತಿದೆಯಂತೆ. ಮಗಳು ಅದಕ್ಕೆ ಸುತ್ತು ಹಾಕಿ 24 ಅಂತ ಬರೆದಿದ್ದಾಳೆ.